ನಾಲಿಗೆಗೆ ಭಂಡಾರ

ಏಳು ತೋರಿಸಬೇಕಾದ ಡಬ್ಬಿ ಐದು ತೋರಿಸಿತು. ಸಿದರಾಯ ಗುಂಡಿ ಒತ್ತಿದ, ಎಂಟಾಯಿತು. ಅವನು ಉಸಿರು ಬಿಡುವುದರೊಳಗೆ ಅಂಕಿ ಹಗ್ಗ ಹರಿದುಕೊಂಡ ದನದ ಹಾಗೆ ಮತ್ತೆ ತನಗೆ ತೋಚಿದ ಕಡೆ ನಡೆಯಿತು. ಬೆಳಗಿನಿಂದ ಅವನು ಆ ಡಬ್ಬಿಯ ಅಜ್ಜ ಮುತ್ತಜ್ಜಂದಿರನ್ನೆಲ್ಲ ಬೈದು ಮುಗಿಸಿ, ಈಗ ಬೀಗರ ಕಡೆಗೆ ಬಂದಿದ್ದ.

ಹಾಗೆ ನೋಡಿದರೆ, ಕಾಗವಾಡದಿಂದ ಮೀರಜದವರೆಗೆ ಸಿದರಾಯ ಕೈಯಿಟ್ಟರೆ ನಡೆಯದ ಯಂತ್ರ ಹುಟ್ಟಿರಲಿಲ್ಲ. ಚಿಕ್ಕೋಡಿಯಲ್ಲಿ ಕೆಲಸ ಕಲಿಯುವಾಗ ಅವನು ರಿಪೇರಿ ಮಾಡಿದ ರೇಡಿಯೋ ಎಷ್ಟು ಜೋರಾಗಿ ಹಾಡಿತ್ತೆಂದರೆ, ಕೋರ್ಟಿನಲ್ಲಿ ಇಬ್ಬರು ಅಣ್ಣತಮ್ಮಂದಿರು ತಾಳ ಹಾಕುತ್ತ ಹಾಕುತ್ತ ರಾಜಿಯಾಗಿ ಹೋಗಿದ್ದರು. ಸುಳ್ಳೆನ್ನುವವರು ಆ ಅಣ್ಣತಮ್ಮಂದಿರನ್ನೇ ಹುಡುಕಿ ಕೇಳಬಹುದು. ಇಂಥವನಿಗೆ ಈ ಸಕ್ಕರೆ ಕಾರ್ಖಾನೆಯ ಅಂಗೈಯಗಲದ ಒಂದು ಡಬ್ಬಿ ಬಗ್ಗಲಿಲ್ಲ.

ಕೆಲಸವೇನೂ ಗುಡ್ಡ ಕಡಿಯುವಂಥದ್ದಲ್ಲ. ಸೆನ್ಸರಿನ ಗಾಜಿನ ತುದಿಯನ್ನು ಬಾಟಲಿಯ ಗುಲಾಬಿ ಬಣ್ಣದ ನೀರಿನಲ್ಲಿ ಅದ್ದಿ ‘ಇದು ನಾಲ್ಕು’, ಹಸಿರು ನೀರಿನಲ್ಲಿ ಅದ್ದಿ ‘ಇದು ಏಳು’ ಎಂದು ಡಬ್ಬಿಗೆ ಕಲಿಸಬೇಕು. ಆಮೇಲೆ ಕಬ್ಬಿನ ಹಾಲು ಎಷ್ಟು ಹುಳಿಯಿದೆ, ಅದಕ್ಕೆ ಎಷ್ಟು ಸುಣ್ಣ ಬೀಳಬೇಕು ಎಂದು ಅದು ತಾನೇ ಹೇಳುತ್ತದೆ. ಇಲ್ಲಿಯತನಕ ಆ ಮಾತು ಹೇಳುತ್ತಿದ್ದುದು ಹಳೇ ಕೆಲಸಗಾರ ಸತ್ತೆಪ್ಪ ಹಾಲಿನಲ್ಲಿ ಅದ್ದಿ ನೋಡುವ ಬಣ್ಣದ ಕಾಗದ. ಚೀಫ್ ಕೆಮಿಸ್ಟ್ ಬಾಪುಸಾಹೇಬರು ಎಲ್ಲರೆದುರು ಸಾರಿದ್ದರು: ಸಂಜೆ ಹಂಗಾಮಿನ ಮೊದಲ ಮೋಳಿ, ಅಂದರೆ ಕಬ್ಬಿನ ಕಂತೆ, ಗಾಣಕ್ಕೆ ಬೀಳುವ ಹೊತ್ತಿಗೆ ಅಂಕಿ ನಿಂತರೆ ಸಿದರಾಯ ಪರ್ಮನಂಟು, ನಿಲ್ಲದಿದ್ದರೆ ಕಾಗದವೇ ಗಟ್ಟಿ, ಸಿದರಾಯ ಅಪ್ಪನ ಕುರಿ ಹಿಂದೆ. ಅಪ್ಪ ಆಗಲೇ ಮಗನಿಗೊಂದು ಕೋಲು ಕೆತ್ತಿಟ್ಟಿದ್ದ.

"ಕುರಿ ಎಣಿಸಾಕ ಡಬ್ಬಿ ಬೇಕಾಗೂದಿಲ್ಲ ಬಿಡೋ ತಮ್ಮಾ," ಎಂದ ಸತ್ತೆಪ್ಪ, ಎಲೆಗೆ ಸುಣ್ಣ ಹಚ್ಚುತ್ತ.

ಸಿದರಾಯ ವೈರು ಬಿಚ್ಚಿ ಕಟ್ಟಿದ. ಡಬ್ಬಿಗೆ ಕರೆಂಟು ತೆಗೆದು ಕೊಟ್ಟ. ಹೊಸ ಬಾಟಲಿಯ ಸೀಲು ಒಡೆದ. ಬಾಪುಸಾಹೇಬರು ಬಂದು ಬಂದು ನೋಡಿ, ಪುಣೆಯ ಇಂಜಿನಿಯರನ್ನೇ ಕರೆಸಬೇಕಿತ್ತು ಎಂದು ಕಬ್ಬಿಣದ ಮೆಟ್ಟಿಲು ಅದುರುವಂತೆ ಇಳಿದು ಹೋದರು. ಕೊನೆಗೆ ಸಿದರಾಯ ತಲೆಕೆಟ್ಟು, ಬಾಟಲಿಯ ಬಣ್ಣದ ನೀರನ್ನೆಲ್ಲ ಸರಿಸಿ, ತೊಟ್ಟಿಯ ಸುಣ್ಣದ ನೀರನ್ನೇ ಗಾಜಿನ ಲೋಟಕ್ಕೆ ಬಗ್ಗಿಸಿ ಸೆನ್ಸರನ್ನು ಅದ್ದಿದ.

ಬಿಳಿ ನೀರಿನಲ್ಲಿ ಒಂದು ಕೆಂಪು ಎಳೆ ಇಳಿಯಿತು. ಅದರ ಹಿಂದೆ ಇನ್ನೊಂದು.

ಅರಿಸಿನಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆಂದು ಆರತಿ ಕಂಡ ಯಾವ ಕೂಸಿಗೂ ಗೊತ್ತು. ಸಿದರಾಯ ತುದಿಯ ತೂತುಗಳ ಪ್ಲಾಸ್ಟಿಕ್ ಟೋಪಿ ತಿರುಗಿಸಿ ತೆಗೆದ. ಒಳಗೆ, ದ್ರಾಕ್ಷಿಯಷ್ಟು ದಪ್ಪದ ಗಾಜಿನ ಗೋಲಿಗೆ ಎಣ್ಣೆಯಲ್ಲಿ ಕಲಸಿದ ಭಂಡಾರವನ್ನು, ದೇವರ ಅರಿಸಿನವನ್ನು, ಯಾರೋ ಮದುಮಗನಿಗೆ ಮೆತ್ತಿದಂತೆ ಮೆತ್ತಿದ್ದರು.

"ಯಾರ್ ಮಾಡ್ಯಾರ ಈ ಕೆಲಸಾ?"

ಸತ್ತೆಪ್ಪ ಛಾವಣಿ ನೋಡಿದ. ಮೆಟ್ಟಿಲೇರಿ ಬರುತ್ತಿದ್ದ ಬಾಪುಸಾಹೇಬರು ಅಲ್ಲೇ ನಿಂತರು.

"ನಾ ಹಚ್ಚೇನಿ," ಎಂದರು. "ಮುಂಜಾನೆ ಮಂಗಸೂಳಿ ಗುಡಿಗೆ ಹೋಗಿ ತಂದದ್ದು. ಮಲ್ಲಯ್ಯನ ಭಂಡಾರ ಹಚ್ಚದ ಹೊಸಾ ಮಶೀನ್ ಯಾರರ ಚಾಲೂ ಮಾಡ್ತಾರೇನು?"

"ಡಬ್ಬಿಗೆ ಹಚ್ಚಬೇಕಿತ್ರಿ ಸಾಹೇಬ್ರ. ಇದು ಅದರ ನಾಲಿಗಿ ಐತ್ರಿ."

"ಅದಕ್ಕ ನಾಲಿಗಿಗೇ ಹಚ್ಚೇನಿ. ಸುಳ್ಳ ಹೇಳಬಾರದಂತ."

ಆ ಮಾತಿಗೆ ಕೃಷ್ಣಾ ನದಿಯೂ ಒಂದು ಗಳಿಗೆ ನಿಂತು ಹರಿದಿರಬೇಕು. ಸಿದರಾಯ ತೊಳೆಯುತ್ತೇನೆಂದ. ಮೋಳಿ ಬೀಳುವತನಕ ಭಂಡಾರ ತೊಳೆಯುವಂತಿಲ್ಲ, ದೇವರದನ್ನು ಗಟಾರಕ್ಕೆ ಬಿಟ್ಟು ಹಂಗಾಮು ಶುರುಮಾಡಿದ ಕಾರ್ಖಾನೆ ಉಳಿದದ್ದುಂಟೇ ಎಂದರು ಸಾಹೇಬರು. ಹಾಗಾದರೆ ಅಂಕಿ ನಿಲ್ಲುವುದಿಲ್ಲ ಎಂದ. ಅಂಕಿ ನಿಲ್ಲಲೇಬೇಕು ಎಂದರು. ಕೆಳಗೆ ಹಲಗೆ, ಸನಾದಿಗಳ ಬಾಜಾಬಜಂತ್ರಿ ಶುರುವಾಯಿತು. ಚೇರ್ಮನ್ನರ ಜೀಪು ಗೇಟಿನೊಳಗೆ ಬಂತು.

ಸಿದರಾಯ ಸೆನ್ಸರನ್ನು ನೋಡಿದ, ಸಾಹೇಬರನ್ನು ನೋಡಿದ. ಆಮೇಲೆ ತೋರುಬೆರಳಿನಿಂದ ಗಾಜಿನ ಮೇಲಿನ ಭಂಡಾರವನ್ನು ಮೆಲ್ಲಗೆ ಬಳಿದು ತನ್ನ ಹಣೆಗೆ ಎಳೆದುಕೊಂಡ. ಇನ್ನೊಮ್ಮೆ ಬಳಿದು ಸತ್ತೆಪ್ಪನ ಹಣೆಗೆ ಹಚ್ಚಿದ. ಮತ್ತೆ ಬಳಿದು, ಬೆರಳನ್ನು ಹಾಗೇ ಎತ್ತಿ ಹಿಡಿದು ನಿಂತ.

"ಬರ್ರಿ ಸಾಹೇಬ್ರ. ಚೆಲ್ಲಾಕತ್ತಿಲ್ರಿ, ಹಂಚಾಕತ್ತೀನಿ."

ಬಾಪುಸಾಹೇಬರು ಟೋಪಿ ತೆಗೆದರು. ಸಿದರಾಯ ಕುಳ್ಳ, ಅವರು ಸಾಕಷ್ಟು ಬಗ್ಗಬೇಕಾಯಿತು.

ಉಳಿದ ಜಿಡ್ಡನ್ನು ಅವನು ಸಾಬೂನಿನ ನೀರಿನ ಲೋಟದಲ್ಲಿ ಅಲುಗಿಸಿ ತೆಗೆದ. ಗುಲಾಬಿ ನೀರಿನಲ್ಲಿ ನಾಲ್ಕು ನಿಂತಿತು. ಹಸಿರು ನೀರಿನಲ್ಲಿ ಅಂಕಿ ಆರು ದಾಟಿ, ಏಳಕ್ಕೆ ಬಂದು, ಮೂಟೆ ಇಳಿಸಿದ ಹಮಾಲನಂತೆ ಅಲ್ಲೇ ಕುಳಿತುಬಿಟ್ಟಿತು. ಬಾಪುಸಾಹೇಬರು ಬಹಳ ಹೊತ್ತು ಅದನ್ನೇ ನೋಡಿದರು.

"ಸತ್ತೆಪ್ಪಾ, ಆ ಕಾಗದಾ ಒಳಗ ಇಡು," ಎಂದು ಹೇಳಿ ಇಳಿದು ಹೋದರು.

ಸತ್ತೆಪ್ಪ ಕಾಗದದ ಸುರುಳಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಅವರ ಹಿಂದೆ ಹೋದ. ಕಾರ್ಖಾನೆಯ ಭೋಂಗಾ ಕೂಗಿತು, ಎಲ್ಲರೂ ಮೋಳಿ ಬೀಳುವ ಕಡೆ ಓಡಿದರು. ಸಿದರಾಯ ಮಾತ್ರ, ಕೆಂಪಗಾದ ಸಾಬೂನಿನ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು, ಬಾಯ್ಲರಿನ ಹಿಂದೆ, ಕಬ್ಬಿನ ಗಾಡಿಗಳ ಸಾಲಿನ ಆಚೆ, ಅದನ್ನು ಸುರಿಯಲು ಯಾರ ಕಾಲೂ ತುಳಿಯದ ಒಂದಿಷ್ಟು ನೆಲ ಹುಡುಕುತ್ತ ನಡೆದ.