ನಾಲ್ಕು ವಿಳಾಸದ ತೋಟ

"ನಾಕೂ ನಮ್ಮವೇ ಅದಾವಲ್ರೀ ಮೇಡಂ. ನಮ್ಮವನ್ನ ನಾವೇ ಯಾಕ ಮುಚ್ಚಬೇಕು?"

ದೇವೀಂದ್ರಪ್ಪ ಇದನ್ನು ಕೇಳುತ್ತಿದ್ದುದು ಮೂರನೆಯ ಸಲ. ಪಂಚಶೀಲಾ ಅವನ ತೋಟದ ಮನೆಯ ಮುಂದಿನ ಹೊರಸಿನ ಮಂಚದ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು, ಪರದೆಯ ಮೇಲೆ ಬಿಸಿಲು ಬೀಳದಂತೆ ಓಢಣಿಯ ಅಂಚನ್ನು ಅಡ್ಡ ಹಿಡಿದು ಕೂತಿದ್ದಳು. ಒಂದು ಕೈ ಓಢಣಿಗೇ ಹೋಗಿದ್ದರಿಂದ ಇನ್ನೊಂದೇ ಕೈಯಲ್ಲಿ ಒತ್ತಬೇಕಾಗಿತ್ತು.

"ಮುಚ್ಚೂದಲ್ರಿ ಕಾಕಾ, ತಿರುಗಿಸೂದು. ನೋಡ್ರಿ, ಒಂದು ವೆಬ್‌ಸೈಟ್ ವಿಳಾಸದಾಗ ಗುಲ್ಬರ್ಗಾ ಅಂತ ಅದ. ಇನ್ನೊಂದರಾಗ ಕಲಬುರಗಿ ಅಂತ ಅದ. ಮೂರನೇದು ಕಮಲಾಪುರ, ಅದರ ಮುಂದ ಮೂರು ಡಬ್ಲ್ಯೂ ಅದಾವ. ನಾಕನೇದೂ ಕಮಲಾಪುರನ, ಮುಂದ ಡಬ್ಲ್ಯೂ ಇಲ್ಲ. ನಾಕರಾಗೂ ಅವೇ ಫೋಟೋ, ಅವೇ ಮಾತು. ಇದರಾಗ ಖರೇದ್ದು ಯಾವುದು ಅಂತ ಗೂಗಲ್‌ಗೆ ಗೊತ್ತಾಗವಲ್ದು."

"ಗೊತ್ತಾಗಾಕ ಏನದರೀ? ನಾಕೂ ಖರೇವೇ!"

ಒಳಗೆ ಚಹಾ ಸೋಸುತ್ತಿದ್ದ ಅವನ ಹೆಂಡತಿ ಕಸ್ತೂರಿಬಾಯಿ ಕಿಸಕ್ಕನೆ ನಕ್ಕಳು.

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಪ್ರಿಂಟಿಂಗ್ ಅಂಗಡಿಯೊಂದರಲ್ಲಿ ಏಳು ವರ್ಷ ಮದುವೆ ಕಾರ್ಡು ಜೋಡಿಸಿಕೊಂಡಿದ್ದ ಪಂಚಶೀಲಾ, ಎರಡು ತಿಂಗಳ ಹಿಂದೆ ಅಲ್ಲಿನ ಕೆಲಸ ಬಿಟ್ಟು ಮನೆಯಲ್ಲೇ ಒಂದು ಟೇಬಲ್ ಹಾಕಿಕೊಂಡಿದ್ದಳು. ರಾತ್ರಿ ಕ್ಲಾಸುಗಳಲ್ಲಿ ಕಲಿತ ವೆಬ್‌ಸೈಟ್ ಕೆಲಸವನ್ನು ಸ್ವಂತ ಹೆಸರಿನಲ್ಲಿ ಮಾಡಬೇಕೆಂಬುದು ಅವಳ ಹಟ. ಮೊದಲ ಕರೆ ಬಂದದ್ದು ಈ ಕಸ್ತೂರಿಬಾಯಿಯಿಂದ. ಐವಾನ್-ಎ-ಶಾಹಿ ಬಡಾವಣೆಯಲ್ಲಿರುವ ಅವಳ ಮಗಳು ಪ್ರೀತಿ ನಂಬರು ಕೊಟ್ಟಿದ್ದಳಂತೆ. "ಕಮಲಾಪುರ ಕೆಂಪು ಬಾಳಿ ಅಂತ ಫೋನಿನ್ಯಾಗ ಹುಡುಕಿದ್ರ ಊರಾನ ಮಂದಿ ಎಲ್ಲಾ ಬರ್ತಾರ, ನಾವೇ ಬರಂಗಿಲ್ಲ" ಎಂಬುದು ಅವಳ ದೂರು. ಅದು ನಿಜವಾಗಿತ್ತು. ಹೆಬ್ಬೆರಳು ನೋಯುವವರೆಗೆ ಜಾರಿಸಿದ ಮೇಲೆ ಅವರ ತೋಟ ಕಾಣುತ್ತಿತ್ತು. ಅದೂ ಗುಲ್ಬರ್ಗಾ ಹೆಸರಿನ ಹಳೆಯ ಪುಟ, ಅದರ ಕೆಳಗೆ ಯಾವಾಗಲೋ ಬಂದಾದ ಫೋನ್ ನಂಬರು.

ನಾಲ್ಕು ವಿಳಾಸಗಳಿಗೂ ಒಂದೊಂದು ಕಥೆಯಿತ್ತು. ಮೊದಲನೆಯದನ್ನು ಪ್ರೀತಿ ಕಾಲೇಜಿನಲ್ಲಿದ್ದಾಗ ಮಾಡಿದ್ದಳು. ಊರಿನ ಹೆಸರು ಬದಲಾದ ಮೇಲೆ, ಹಳೇ ಹೆಸರು ಇನ್ನು ನಡೆಯುವುದಿಲ್ಲ ಎಂದು ಕೃಷಿ ಮೇಳದಲ್ಲಿ ಸಿಕ್ಕವನೊಬ್ಬ ಎರಡನೆಯದನ್ನು ಮಾಡಿಕೊಟ್ಟ. ಆಮೇಲೆ ಬಂದವನು ಕಮಲಾಪುರದ ಹೆಸರಿನಲ್ಲಿ ಮಾಡಿ, ಒಂದೇ ಮನೆಗೆ ಎರಡು ಬಾಗಿಲು ಬಿಟ್ಟು ಹೋದ. ಪ್ರತಿಯೊಬ್ಬನೂ ಹಿಂದಿನವನದನ್ನು ನೋಡಿ ನಕಲು ಇಳಿಸಿದ್ದ. ದೇವೀಂದ್ರಪ್ಪನಿಗೆ ಮಾತ್ರ ನಾಲ್ಕರ ಮೇಲೂ ಅಭಿಮಾನ. ಸಂತೆಯಲ್ಲಿ ಯಾರಾದರೂ ಸಿಕ್ಕರೆ ನಾಲ್ಕನ್ನೂ ಒಂದರ ಹಿಂದೊಂದು ಬಾಯಿಪಾಠ ಒಪ್ಪಿಸುತ್ತಿದ್ದ.

ಕಸ್ತೂರಿಬಾಯಿ ಚಹಾ ತಂದಿಟ್ಟು ಅಲ್ಲೇ ನೆಲಕ್ಕೆ ಕೂತಳು.

"ನೋಡ್ರಿ ಪಂಚಶೀಲಾ, ಹಸರು ಬಾಳಿ ವರ್ಷದಾಗ ಗೊನಿ ಕೊಡ್ತದ. ಈ ಕೆಂಪಿಗೆ ಒಂದೂವರಿ ವರ್ಷ ಬೇಕು. ಅಷ್ಟು ಕಾದು ಬೆಳದ್ರ ಪ್ಯಾಟಿಯವರು ಬ್ಯಾರೆ ಹಣ್ಣಿನ ಕೂಡ ಬಂಡಿಗೆ ಹಾಕ್ತಾರ. ಇದೇ ಬೇಕು ಅನ್ನೋರಿಗೆ ನಾವು ಎಲ್ಲಿದ್ದೀವಿ ಅಂತ ಗೊತ್ತಿಲ್ಲ. ದೀಪಾವಳಿ ತನಕ ನೋಡ್ತೀನಿ. ಆಮ್ಯಾಲೆ ಕಿತ್ತು ಹಾಕಿ ಹಸರೇ ಹಚ್ಚೂದು."

ದೇವೀಂದ್ರಪ್ಪ ಬಸಿಯಲ್ಲಿ ಚಹಾ ಸುರಿದುಕೊಂಡು, ಅದು ಆರಿದ್ದರೂ ಊದುತ್ತಾ ಕೂತ.

"ಏನ್ರೀ," ಕಸ್ತೂರಿಬಾಯಿ ಗಂಡನತ್ತ ತಿರುಗಿದಳು. "ಒಂದು ಬುಡಕ್ಕ ನಾಕು ಮರಿ ಬಿಟ್ರ ಗೊನಿ ಹೆಂಗ ಬರ್ತದ? ಒಂದು ಬಿಟ್ಟು ಮೂರು ಕೊಯ್ದು ಒಗಿಯಂಗಿಲ್ಲೇನು ನಾವು?"

"ಗಿಡಾ ಬ್ಯಾರೆ, ಇದು ಬ್ಯಾರೆ."

"ಎಲ್ಲಿ ಬ್ಯಾರೆ? ಹೇಳ್ರಲ್ಲ."

ಅವನು ಬಸಿಗೆ ಮತ್ತೆ ಚಹಾ ಸುರಿದುಕೊಂಡ. ಪಂಚಶೀಲಾ ಆ ಬಿಡುವು ಹಿಡಿದು, ತಿರುಗಿಸುವುದೆಂದರೆ ಏನೆಂದು ವಿವರಿಸಿದಳು. ಹಳೆಯ ವಿಳಾಸ ಒತ್ತಿದವರು ಹಾದಿ ತಪ್ಪುವುದಿಲ್ಲ, ತಾವಾಗಿಯೇ ಹೊಸದಕ್ಕೆ ಬಂದು ನಿಲ್ಲುತ್ತಾರೆ. ಇದು ಕಾಯಂ ವರ್ಗಾವಣೆ ಎಂದು ಗೂಗಲ್‌ಗೂ ತಿಳಿಯುತ್ತದೆ. ಅದಕ್ಕೆ ಮುನ್ನೂರಾ ಒಂದು ಅಂತ ಒಂದು ನಂಬರಿದೆ.

"ಮುನ್ನೂರಾ ಒಂದು? ಯಾವ ಕಲಮರೀ ಇದು, ಜಾಮೀನು ಸಿಗ್ತದಿಲ್ಲೋ?" ಎಂದ ದೇವೀಂದ್ರಪ್ಪ. ಮೂವರೂ ನಕ್ಕರು. ಕೊನೆಗೆ ಅವನು ಎದ್ದು ನಿಂತು, "ಕಮಲಾಪುರದ್ದೇ ದೊಡ್ಡದು ಮಾಡ್ರಿ. ಕಲಬುರಗಿದ್ದು ತಿರುಗಿಸ್ರಿ. ಆದ್ರ ಆ ಗುಲ್ಬರ್ಗಾದ್ದು ಮಾತ್ರ ಮುಟ್ಟಬ್ಯಾಡ್ರಿ" ಎಂದವನೇ ಪಂಪು ಚಾಲೂ ಮಾಡುವ ನೆಪದಲ್ಲಿ ಬಾವಿಯತ್ತ ಹೊರಟುಬಿಟ್ಟ.

"ಅವರದು ಹಂಗ," ಕಸ್ತೂರಿಬಾಯಿ ಕೈ ಚೆಲ್ಲಿದಳು. "ಹಳೀದು ಒಂದೂ ಬಿಡಂಗಿಲ್ಲ. ಅವರ ಚಪ್ಲಿ ನೋಡ್ರಿ ಬೇಕಾದ್ರ."

ಮನೆಗೆ ಬಂದ ಪಂಚಶೀಲಾಳಿಗೆ ಸಮಾಧಾನವಿರಲಿಲ್ಲ. ಹುಡುಕಿದಾಗ ಕಾಣುತ್ತಿದ್ದುದು ಆ ಗುಲ್ಬರ್ಗಾದ ಪುಟವೊಂದೇ. ಅದನ್ನೇ ಬಿಟ್ಟು ಉಳಿದವನ್ನು ತಿರುಗಿಸಿದರೆ ಅರ್ಧ ಕೆಲಸ ಮಾಡಿದಂತೆ. ಮೊದಲನೆಯ ಕೆಲಸವೇ ಅರ್ಧವಾದರೆ ಎರಡನೆಯದನ್ನು ಯಾರು ಕೊಡುತ್ತಾರೆ? ಆ ಹಳೆಯ ವಿಳಾಸಕ್ಕೆ ಯಾರು ಯಾರು ಬಂದು ಹೋಗಿದ್ದಾರೆಂಬ ದಾಖಲೆಯನ್ನು ತೆರೆದು ಕೂತಳು. ಹೆಚ್ಚು ಜನರಿರಲಿಲ್ಲ. ಅಲ್ಲೊಬ್ಬರು ಇಲ್ಲೊಬ್ಬರು ಬಂದು, ತಕ್ಷಣ ಹೊರಟುಹೋಗಿದ್ದರು. ಆದರೆ ದಿನವೂ ಬೆಳಿಗ್ಗೆ ಆರರ ಸುಮಾರಿಗೆ ಒಂದೇ ಫೋನು ಅದರೊಳಗಿನ ಒಂದೇ ಪುಟವನ್ನು ತೆರೆಯುತ್ತಿತ್ತು. ಒಂದು ದಿನವೂ ತಪ್ಪಿರಲಿಲ್ಲ.

ಅವಳು ಆ ಪುಟವನ್ನು ತೆರೆದಳು. ಉಳಿದ ಮೂರರಲ್ಲಿ ಅದು ಇರಲಿಲ್ಲ, ನಕಲು ಮಾಡಿದವರು ಬಿಟ್ಟುಬಿಟ್ಟಿದ್ದರು. ಬಾಳೆಯ ಬುಡದ ಪಕ್ಕ ತಲೆ ತುಂಬ ಸೆರಗು ಹೊದ್ದ ಮುದುಕಿಯೊಬ್ಬಳು ನಿಂತಿದ್ದಳು. ಬಿಸಿಲಿಗೆ ಒಂದು ಕಣ್ಣು ಕಿರಿದಾಗಿತ್ತು, ಬಾಯಿ ಅರ್ಧ ತೆರೆದಿತ್ತು. ಕೆಳಗೆ ಪ್ರೀತಿ ಅಜ್ಜಿಯ ಮಾತನ್ನು ಇದ್ದಂತೆಯೇ ಬರೆದಿದ್ದಳು: "ನನ್ನ ಹೆಸರು ವಿಮಲಾಬಾಯಿ. ನಾ ಲಗ್ನಾಗಿ ಬಂದಾಗ ಈ ಹೊಲದಾಗ ಕೆಂಪು ಬಾಳಿ ಏಳೇ ಬುಡ ಇದ್ವು. ಎಲ್ಲಾರೂ ಕೀಳು ಅಂದ್ರು. ನಾ ಕೀಳಲಿಲ್ಲ. ಯಾಕ ಅಂದ್ರ ನನಗ ಆ ಹಣ್ಣು ಸೇರ್ತಿತ್ತು. ಮತ್ತೇನಿಲ್ಲ."

ಪಂಚಶೀಲಾ ಅದನ್ನು ಎರಡು ಸಲ ಓದಿ ಗಟ್ಟಿಯಾಗಿ ನಕ್ಕಳು. ಆಮೇಲೆ ದೇವೀಂದ್ರಪ್ಪ 'ಮುಟ್ಟಬ್ಯಾಡ್ರಿ' ಎಂದು ಎದ್ದು ಹೋದದ್ದು ನೆನಪಾಯಿತು.

ಮೂರನೆಯ ದಿನ ಹುಮನಾಬಾದ್ ಕಡೆಯ ಬಸ್ಸು ಹತ್ತಿ ಮತ್ತೆ ಕಮಲಾಪುರಕ್ಕೆ ಹೋದಳು. ದೇವೀಂದ್ರಪ್ಪ ಬಾವಿಯ ಹತ್ತಿರ ಪೈಪು ಜೋಡಿಸುತ್ತಿದ್ದ.

"ಕಾಕಾ, ಮುಂಜಾನಿ ಆರಕ್ಕ ಆ ಪುಟ ಯಾರು ನೋಡ್ತಾರ ಅಂತ ನನಗ ಗೊತ್ತಾಗ್ಯದ್ರಿ."

ಅವನ ಕೈಯಲ್ಲಿದ್ದ ಪೈಪು ಜಾರಿತು. ಸುತ್ತ ನೋಡಿ ದನಿ ತಗ್ಗಿಸಿದ. "ನಮ್ಮಾಕಿಗೆ ಹೇಳಬ್ಯಾಡ್ರಿ. ನಗ್ತಾಳ."

"ನಗೂದೇನದರೀ ಇದರಾಗ?"

"ಮನ್ಯಾಗ ಗ್ವಾಡಿಗೆ ದೊಡ್ಡ ಫೋಟೋ ಅದಲ್ರೀ, ಹಾರ ಹಾಕಿದ್ದು. ಅದನ್ನ ಆಧಾರ್ ಕಾರ್ಡ್ ನೋಡಿ ದೊಡ್ಡದು ಮಾಡ್ಸೀವಿ. ಯಾವುದೋ ಮುದುಕಿ ಕಂಡಂಗ ಕಾಣ್ತದ, ನಮ್ಮವ್ವ ಅಲ್ಲ ಅದು. ಇದರಾಗ ನೋಡ್ರಿ, ನನ್ನ ಬಯ್ಯಾಕ ಬಾಯಿ ತೆಗದಾಳ. ಪ್ರೀತಿ ಫೋಟೋ ಹೊಡಿವಾಗ ನಾ ಅಡ್ಡ ಬಂದಿದ್ದೆ. 'ಸರಿಯೋ ಕತ್ತೆ' ಅಂದ್ಲು. ಆ ಮಾತು ಬಾಯಿಂದ ಹೊರಗ ಬೀಳೂಕಿಂತ ಮೊದಲ ತೆಗದದ್ದು ಇದು. ದಿನಾ ಒಮ್ಮೆ ನೋಡಿದ್ರ ಕಿವ್ಯಾಗ ಕೇಳ್ತದ್ರಿ. ತಿರುಗಿಸಿದ್ರ ಹೋಗಿಬಿಡ್ತಾಳ."

"ಹೋಗಂಗಿಲ್ಲ ಕಾಕಾ. ಒಂದು ಸಲ ಮಾಡಿ ತೋರಸ್ತೀನಿ. ನಿಮಗ ಸರಿ ಅನಸಲಿಲ್ಲಂದ್ರ ಇದ್ದಂಗ ಇಟ್ಟುಬಿಡ್ತೀನಿ, ಆಣಿಗೂ."

ಅವನು ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು, "ತೋರಸ್ರಿ" ಎಂದ.

ಪಂಚಶೀಲಾ ಕೆಲಸವನ್ನು ಮನೆಯಲ್ಲೇ ತಯಾರು ಮಾಡಿಟ್ಟಿದ್ದಳು. ವಿಮಲಾಬಾಯಿಯ ಫೋಟೋ ಮತ್ತು ಮಾತನ್ನು ಕಮಲಾಪುರದ ಹೊಸದರಲ್ಲಿ ಸೇರಿಸಿದ್ದಳು. ಹಳೆಯ ಪುಟ ಕೇಳಿದವರು ಮುಂಬಾಗಿಲಿಗೆ ಬಂದು ಅಲ್ಲಿಂದ ಹುಡುಕದೆ, ನೇರ ಆ ಮುದುಕಿಯ ಮುಂದೆಯೇ ನಿಲ್ಲುವಂತೆ ಕೋಡಿನ ಸಾಲು ಬರೆದಿದ್ದಳು. ಬಾವಿಯ ಕಟ್ಟೆಯ ಮೇಲೆ ಕೂತು ಅದನ್ನು ಏರಿಸಿ, "ಈಗ ನಿಮ್ಮ ಫೋನಿನ್ಯಾಗ ನೀವು ದಿನಾ ನೋಡೋ ಹಳೀ ವಿಳಾಸಾನೇ ಒತ್ರಿ" ಎಂದಳು.

ದೇವೀಂದ್ರಪ್ಪ ಒಂದೇ ಬೆರಳಿನಲ್ಲಿ, ತುಟಿ ಆಡಿಸುತ್ತಾ ಒಂದೊಂದೇ ಅಕ್ಷರ ಒತ್ತಿದ. ಗುಲ್ಬರ್ಗಾ ಎಂಬಲ್ಲಿ ಒಂದು ಸಲ ತಪ್ಪಿ, ಅಳಿಸಿ, ಮತ್ತೆ ಬರೆದ. ಪರದೆ ಕ್ಷಣ ಬೆಳ್ಳಗಾಯಿತು. ಮೇಲಿನ ವಿಳಾಸ ತಾನಾಗಿಯೇ ಬದಲಾಗಿ ಕಮಲಾಪುರವಾಯಿತು. ಮರುಕ್ಷಣ ವಿಮಲಾಬಾಯಿ ಮೊದಲಿಗಿಂತ ದೊಡ್ಡವಳಾಗಿ, ಪರದೆ ತುಂಬ ನಿಂತಿದ್ದಳು. ಮೂಗುತಿಯ ಹರಳು ಕೂಡ ಕಾಣುತ್ತಿತ್ತು.

"ಹಳೀ ಹೆಸರಿನ್ಯಾಗ ಕರದ್ರೂ ಬಂದಳಲ್ರೀ!" ಎಂದು ಅವನು ಕೂಗಿದ ರಭಸಕ್ಕೆ ಬಾವಿಯೊಳಗಿನ ಪಾರಿವಾಳಗಳು ಪಟಪಟನೆ ಮೇಲೆದ್ದವು.

"ಯಾರು ಬಂದ್ರು?" ಹಿಂದಿನಿಂದ ಕಸ್ತೂರಿಬಾಯಿಯ ದನಿ. ಕೂಗು ಕೇಳಿ ಕುಡಗೋಲು ಹಿಡಿದೇ ಓಡಿ ಬಂದಿದ್ದಳು. ಗಂಡ ಫೋನನ್ನು ಮುಚ್ಚಿಟ್ಟುಕೊಳ್ಳುವ ಮೊದಲೇ ಬಗ್ಗಿ ನೋಡಿ, ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಎಪ್ಪಾ ನನ್ನಪ್ಪಾ! ದಿನಾ ಮುಂಜಾನಿ ಮೂಲ್ಯಾಗ ಕುಂತು ಫೋನು ನೋಡಿ ನಗ್ತೀರಿ, ಈ ವಯಸ್ಸಿನ್ಯಾಗ ಯಾವಾಕಿನ ನೋಡಾಕತ್ತಾರೋ ಅಂತ ನಾ ಒಳಗೊಳಗ ಕುದಿಯಾಕತ್ತಿದ್ದೆ. ನಮ್ಮತ್ತಿ!"

ನಗು ತಡೆಯಲಾಗದೆ ಅವಳು ಕಟ್ಟೆಯ ಮೇಲೆ ಕೂತುಬಿಟ್ಟಳು. ದೇವೀಂದ್ರಪ್ಪ ನಾಚಿ, ನಕ್ಕು, ರುಮಾಲಿನಿಂದ ಕಣ್ಣು ಒರೆಸಿಕೊಂಡ. ಕಸ್ತೂರಿಬಾಯಿ ಫೋನು ಕಸಿದುಕೊಂಡು ಅತ್ತೆಯ ಮಾತನ್ನು ಗಟ್ಟಿಯಾಗಿ ಓದಿದಳು. "'ನನಗ ಆ ಹಣ್ಣು ಸೇರ್ತಿತ್ತು. ಮತ್ತೇನಿಲ್ಲ.' ಖರೇ ಅದರೀ. ಗೊನಿ ಇಳಿಸಿದ್ರ ಮೊದಲ್ನೇ ಹಣ್ಣು ಆಕಿದೇ. ನನಗೂ ಕೊಡ್ತಿರ್ಲಿಲ್ಲ." ಆಮೇಲೆ ಪಂಚಶೀಲಾಳ ಕಡೆ ನೋಡಿ, "ಇದನ್ನ ಒಳಗ ಯಾಕ ಇಟ್ಟೀರಿ? ಎಲ್ಲಾಕ್ಕಿಂತ ಮುಂದ ಇಡ್ರಿ. ಮೊದಲು ಇವಳೇ ಕಾಣ್ಲಿ" ಎಂದಳು.

ಆ ಮಧ್ಯಾಹ್ನವೇ ನಾಲ್ಕೂ ದಾರಿಗಳು ಒಂದಾದವು.

ಆಮೇಲೆ ಕಾಯುವ ಕೆಲಸ. ಮೂರು ವಾರ ಏನೂ ಆಗಲಿಲ್ಲ. ಕಸ್ತೂರಿಬಾಯಿ ದಿನ ಬಿಟ್ಟು ದಿನ ಫೋನು ಮಾಡಿ, "ಗೂಗಲಪ್ಪ ಇನ್ನೂ ಎದ್ದಿಲ್ಲೇನ್ರಿ?" ಎಂದು ಕೇಳುತ್ತಿದ್ದಳು. ಪಂಚಶೀಲಾ ಧೈರ್ಯ ಹೇಳುತ್ತಿದ್ದಳಾದರೂ, ಫೋನಿಟ್ಟ ಮೇಲೆ ತಾನು ಬರೆದ ಸಾಲುಗಳನ್ನು ತಪ್ಪು ಹುಡುಕುತ್ತಾ ಮತ್ತೆ ಮತ್ತೆ ಓದುತ್ತಿದ್ದಳು. ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಹುಡುಕಿ ನೋಡಿದಳು. ಮೊದಲ ಪುಟ, ಎರಡನೆಯ ಸಾಲು. ಬಾಯಲ್ಲಿ ಬ್ರಷ್ ಇದ್ದಂತೆಯೇ ಕುಣಿದದ್ದನ್ನು ನೋಡಿ ಅವಳ ತಾಯಿ ಏನೋ ಕಚ್ಚಿತೆಂದು ಓಡಿ ಬಂದಳು.

ಆ ಹೊತ್ತಿನಿಂದ ಕಸ್ತೂರಿಬಾಯಿಯ ಫೋನು ಬಾಯಿ ಮುಚ್ಚಲಿಲ್ಲ. ಬೀದರಿನವರು, ಸೊಲ್ಲಾಪುರದವರು, ಶರಣಸಿರಸಗಿಯ ಹೊಸ ಲೇಔಟಿನವರು, ಹಣ್ಣು ಬೇಕೆಂದವರು, ಹಚ್ಚಲು ಮರಿ ಬೇಕೆಂದವರು. "ಅಜ್ಜಿ ಅದಾರೇನ್ರಿ, ಮಾತಾಡಬಹುದೇನ್ರಿ?" ಎಂದು ಒಬ್ಬರು ಕೇಳಿದರಂತೆ. ದೀಪಾವಳಿಗೆ ಇನ್ನೂ ಮೂರು ವಾರವಿರುವಾಗ ಅವಳು ಬದುವಿನ ಆಚೆಯ ತುಂಡಿನಲ್ಲಿ ಕುಣಿ ತೋಡಿಸಿದಳು. ಯಾವ ಬಾಳೆಗೆಂದು ದೇವೀಂದ್ರಪ್ಪ ಕೇಳಲಿಲ್ಲ. ಕೆಂಪು ಮರಿಗಳನ್ನು ತಾನೇ ಹೊತ್ತು ತಂದು ಸಾಲಾಗಿ ಇಟ್ಟ.

ಮುಂದಿನ ಭಾನುವಾರ ಹಬ್ಬದ ಫೋಟೋ ತೆಗೆಯಲು ಪಂಚಶೀಲಾ ತೋಟಕ್ಕೆ ಬಂದಾಗ, ದಾರಿಯ ತುದಿಯಲ್ಲಿ ಕಾರೊಂದು ನಿಂತಿತು. ಇಳಿದವರು ಎಪ್ಪತ್ತರ ಆಸುಪಾಸಿನ ಹೆಂಗಸು, ಕಲಬುರಗಿಯ ದಿಲ್ಶಾದ್ ಬೇಗಂ. ಮೊಮ್ಮಗಳು ಅಫ್ರೀನ್‌ಳ ಶಾದಿಗೆ ಹಣ್ಣಿನ ತಟ್ಟೆಗಳಲ್ಲಿ ಕೆಂಪು ಬಾಳೆಯೇ ಇರಬೇಕೆಂದು ಬಂದಿದ್ದರು.

"ನನ್ನ ಶಾದಿಗೆ ಇದೇ ಇಟ್ಟಿದ್ರು ನಮ್ಮ ಅಬ್ಬಾ," ಎಂದರು ಅವರು, ಪರ್ಸಿನಿಂದ ಹಳದಿಯಾದ ಪೇಪರ್ ಜಾಹೀರಾತಿನ ತುಂಡೊಂದನ್ನು ತೆಗೆಯುತ್ತಾ. ಅದರಲ್ಲಿ ಗುಲ್ಬರ್ಗಾ ಹೆಸರಿನ ಆ ಹಳೆಯ ವಿಳಾಸ ಅಚ್ಚಾಗಿತ್ತು. "ಹೋದ ವರ್ಷ ಮೂರು ಸಲ ನೋಡಿ ಫೋನು ಹಚ್ಚಿದ್ವಿ, ಹತ್ತಲೇ ಇಲ್ಲ. ಈ ಸಲ ಅದನ್ನೇ ಒತ್ತಿದ್ವಿ, ಸೀದಾ ಒಬ್ಬ ಅಮ್ಮಾ ಬಂದು ನಿಂತ್ರು. ಬಯ್ಯೋ ಹಂಗ ನೋಡ್ತಿದ್ರು. ಇವರ ಮನಿಗೆ ಹೋಗಲೇಬೇಕು ಅಂದೆ."

ದೇವೀಂದ್ರಪ್ಪನ ಮುಖ ಅರಳಿತು. ಹೊರಸನ್ನು ನೆರಳಿಗೆ ಎಳೆದು, ಅದರ ಮೇಲೆ ಕಂಬಳಿ ಹಾಸಿ ಅವರನ್ನು ಕೂಡಿಸಿದ. ಕಸ್ತೂರಿಬಾಯಿ ಒಳಗಿನಿಂದ ಮಾಗಿದ ಹಣ್ಣೊಂದನ್ನು ಆರಿಸಿ ತಂದು ಕೈಗಿಟ್ಟಳು.

ದಿಲ್ಶಾದ್ ಬೇಗಂ ಅದನ್ನು ಅವಸರಪಡದೆ ಸುಲಿದರು. ಮೊದಲ ತುತ್ತಿಗೇ ಕಣ್ಣು ಮುಚ್ಚಿದರು. ಎಲೆಗಳ ನಡುವಿನಿಂದ ಜಾರಿದ ಬಿಸಿಲು ಅವರ ಗಾಜಿನ ಬಳೆಗಳ ಮೇಲೆ ಆಡುತ್ತಿತ್ತು. ಸಿಪ್ಪೆ ಇಸಿದುಕೊಳ್ಳಲೆಂದು ಕಸ್ತೂರಿಬಾಯಿ ಅಂಗೈ ಚಾಚಿ, ಅವರು ಕಣ್ಣು ತೆರೆಯುವುದನ್ನೇ ಕಾಯುತ್ತಾ ನಿಂತಳು.