ಒಂದು ಗೇಣು ಗಿಡ್ಡ

"ನೀನೇ ತೆಗಿ ಅಕ್ಕ," ಎಂದು ತಮ್ಮ ಬೀಗದ ಕೈ ಚಾಚಿದ. ಅಕ್ಕ ಕಂಕುಳಲ್ಲಿದ್ದ ಬಟ್ಟೆಗಂಟನ್ನು ಅವನಿಗೆ ಕೊಟ್ಟು, ಅಂಗೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು.

ಅವನ ವ್ಯಾಪಾರದ ಪದ್ಧತಿಯೇ ಅದು. ಹಳೇ ಮನೆ ಕೊಳ್ಳುವುದು, ರಿಪೇರಿ ಮಾಡಿ ಬಣ್ಣ ಬಳಿದು ಮಾರುವುದು. ಬ್ಯಾಂಕಿನವರು ಎಂದೋ ಕೈ ಎತ್ತಿದ್ದರು; ಹಾಗಾಗಿ ಬಂಡವಾಳವೆಲ್ಲ ಗುರುತಿನವರದು. ಬಡ್ಡಿ ಬ್ಯಾಂಕಿಗಿಂತ ಜಾಸ್ತಿ, ಒಬ್ಬೊಬ್ಬರ ದುಡ್ಡಿಗೆ ಒಂದೊಂದು ಮನೆ. ಕೆಲಸ ಮುಗಿದ ಮೇಲೆ ಯಾರ ದುಡ್ಡೋ ಅವರ ಕೈಯಲ್ಲೇ ಬಾಗಿಲು ತೆಗೆಸುತ್ತಿದ್ದ. ಹಾಗೆ ಬಾಗಿಲು ತೆಗೆದವರು ದುಡ್ಡು ವಾಪಸ್ ಕೇಳಲು ಅವಸರ ಮಾಡುತ್ತಿರಲಿಲ್ಲ. ಮಾತಿನಲ್ಲೇ ಮನೆ ಕಟ್ಟುವ ಪುಣ್ಯಾತ್ಮನಿಗೆ ಅಷ್ಟೂ ಗೊತ್ತಿರದಿದ್ದರೆ ಹೇಗೆ!

ಆದರೆ ಇದು ಅಕ್ಕನ ದುಡ್ಡಿನ ಮನೆಯಲ್ಲ. ಇದಕ್ಕೆ ದುಡ್ಡು ಹಾಕಿದ್ದು ನಿವೃತ್ತ ಕಂಡಕ್ಟರ್ ಒಬ್ಬರು. ಹೋದ ವಾರ ಇದೇ ಬೀಗ ತೆಗೆದು, ಮನೆಯೆಲ್ಲ ಓಡಾಡಿ, ಖುಷಿಯಾಗಿ ಹೋಗಿದ್ದರು. ಅಕ್ಕ ತನ್ನ ಹೊಲಿಗೆ ಅಂಗಡಿ ಮಾರಿ ಕೊಟ್ಟ ದುಡ್ಡಿನ ಮನೆ ಊರಿನ ಆ ತುದಿಯಲ್ಲಿತ್ತು. ಅಗ್ಗಕ್ಕೆ ಸಿಕ್ಕಿತೆಂದು ಕಾಗದಪತ್ರ ಸರಿಯಾಗಿ ನೋಡದೆ ಕೊಂಡಿದ್ದ. ಮಾರಿದವನ ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿ, ಬಾಗಿಲಿಗೆ ಸೀಲು ಬಿದ್ದು ವರ್ಷವಾಗಿತ್ತು. ಅಕ್ಕನಿಗೆ ಹೇಳಲು ಬಾಯಿ ಬಂದಿರಲಿಲ್ಲ. ಮನೆ ತೋರಿಸು ಎಂದು ಅವಳು ದುಂಬಾಲು ಬಿದ್ದಾಗ ಇಲ್ಲಿಗೆ ಕರೆತಂದಿದ್ದ.

"ಅಬ್ಬಬ್ಬಾ, ಎಷ್ಟು ಬೆಳಕೋ!" ಬಾಗಿಲು ತೆಗೆದು ಒಳಗೆ ಬಂದ ಅಕ್ಕ ಗೋಡೆ ಸವರಿದಳು. "ನಿನ್ನ ಸುಮ್ಸುಮ್ನೆ ಹೊಣೆಗೇಡಿ ಅಂತ ಬೈತಿದ್ದೆ." ಅವನ ಕೈಲಿದ್ದ ಗಂಟು ತೆಗೆದುಕೊಂಡು ಬಿಚ್ಚಿದಳು. ಒಳಗೆ ನೀಲಿ ಪರದೆಗಳು. "ಬೋಳು ಕಿಟಕಿ ನೋಡಿ ಯಾರು ಕೊಳ್ತಾರೆ? ಆವತ್ತು ಫೋನಲ್ಲಿ ಅಳತೆ ಹೇಳಿದ್ಯಲ್ಲ, ಅದೇ ಲೆಕ್ಕಕ್ಕೆ ಹೊಲಿದಿದೀನಿ."

ಸೀಲು ಬಿದ್ದ ಆ ಮನೆ ಕೊಂಡ ಹೊಸದರಲ್ಲಿ ಅದರ ಕಿಟಕಿಗಳ ಅಳತೆಯನ್ನು ಜಂಬದಿಂದ ಹೇಳಿದ್ದು ಅವನಿಗೆ ಮರೆತೇ ಹೋಗಿತ್ತು. "ಆಮೇಲೆ ಹಾಕೋಣ ಬಿಡಕ್ಕ," ಎನ್ನುವಷ್ಟರಲ್ಲಿ ಅವಳು ಪೇಂಟರ್ ಬಿಟ್ಟುಹೋಗಿದ್ದ ಸ್ಟೂಲು ಹತ್ತಿಯಾಗಿತ್ತು. ಅವನು ಸ್ಟೂಲಿನ ಕಾಲು ಹಿಡಿದುಕೊಂಡ.

ಪರದೆ ಇಳಿದು, ಕಿಟಕಿಯ ಕೆಳ ಅಂಚಿಗಿಂತ ಒಂದು ಗೇಣು ಮೇಲೆಯೇ ನಿಂತುಬಿಟ್ಟಿತು. ಪಕ್ಕದ ಕಿಟಕಿಯಲ್ಲೂ ಅದೇ ಕಥೆ. ಅಕ್ಕ ಕೆಳಗಿಳಿದು, ಕನ್ನಡಕ ಒರೆಸಿ ಮತ್ತೆ ನೋಡಿದಳು. ಆಮೇಲೆ ನಕ್ಕಳು, ಅದಕ್ಕಿಂತ ಅತ್ತಿದ್ದರೇ ವಾಸಿಯಿತ್ತು.

"ನನ್ನ ಕಣ್ಣೇ ಹೋಯ್ತು ಕಣೋ. ಮನೆಗೆ ಬರೋ ಗಿರಾಕಿಗಳೂ ಹಾಗೇ ಅಂತಿದ್ರು, ನಾನೇ ಜಗಳಕ್ಕೆ ನಿಲ್ತಿದ್ದೆ. ಜನ್ಮವೆಲ್ಲ ಹೊಲಿದು ಒಂದು ಕಿಟಕಿಗೆ ಅಳತೆ ಹಾಕೋಕಾಗ್ಲಿಲ್ಲ ನೋಡು. ಯಾರಿಗೂ ಹೇಳ್ಬೇಡ, ಆಯ್ತಾ?"

ಹೂಂ ಎಂದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಅಂಚಿನ ಹೊಲಿಗೆ ಬಿಚ್ಚಿ ಉದ್ದ ಮಾಡಲು ಅಕ್ಕ ಆಗಲೇ ನೆಲದ ಮೇಲೆ ಕೂತು ಕತ್ತರಿ ಹುಡುಕುತ್ತಿದ್ದಳು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ದುಡ್ಡಂತೂ ನುಂಗಿದ್ದಾಯಿತು, ಈಗ ಅವಳ ಕಣ್ಣನ್ನೂ ನುಂಗಬೇಕೇ?

"ನಿನ್ನ ಅಳತೆ ಸರಿಯಾಗೇ ಇದೆ ಅಕ್ಕ. ಈ ಮನೆ ನಿಂದಲ್ಲ."

"ಅಯ್ಯೋ, ಹಂಗಾದ್ರೆ ನನ್ನ ಕಣ್ಣು ಚೆನ್ನಾಗಿದೆ!" ಎಂದಳು. ಮುಖ ಅರಳಿತು. ಆಮೇಲೆ ಕತ್ತರಿ ಹುಡುಕುವುದನ್ನು ಬಿಟ್ಟು ಕೇಳಿದಳು: "ನಂದಲ್ಲ ಅಂದ್ರೆ?"

ನೆಲ ನೋಡುತ್ತಲೇ ಎಲ್ಲ ಹೇಳಿದ. ಕೋರ್ಟು, ಸೀಲು, ಕಂಡಕ್ಟರ್. ಅಕ್ಕ ಬೈಯಲಿಲ್ಲ. ಕಪಾಳಕ್ಕೆ ಎರಡು ಬಿಗಿಯಬಾರದೇ ಎನಿಸಿತು ಅವನಿಗೆ.

ಅವಳು ಎದ್ದು ಸ್ಟೂಲು ಹತ್ತಿದಳು. ಅವನು ಹಿಡಿಯಲು ಹೋದ. "ಬೇಡ," ಎಂದಳು. ಪರದೆಗಳನ್ನು ಇಳಿಸಿ, ಇಸ್ತ್ರಿಯ ಗೆರೆ ಕೆಡದಂತೆ ಮಡಚಿ ಗಂಟು ಕಟ್ಟಿದಳು.

"ಆ ಮನೆ ಕಿಟಕಿಗಳ ಅಳತೆನಾದ್ರೂ ನಿಜ ಹೇಳಿದ್ಯೇನೋ?"

"ಹೂಂ ಅಕ್ಕ."

ಅವನು ಕೈ ಚಾಚಿದ. ಅಕ್ಕ ಬೀಗದ ಕೈಯನ್ನು ಸ್ಟೂಲಿನ ಮೇಲಿಟ್ಟು, ಗಂಟನ್ನು ಕಂಕುಳಿಗೆ ಸೇರಿಸಿಕೊಂಡು ಹೊರಟಳು.