ಚೌಡಣ್ಣನ ಗೂಡು

ಗೈಡ್ ಆದವನು ಏನು ಬೇಕಾದರೂ ಹೇಳಬಹುದು, "ಗೊತ್ತಿಲ್ಲ" ಎಂದು ಮಾತ್ರ ಹೇಳಬಾರದು. ಇದು ಕೂಡ್ಲಿಗಿಯ ಭೀಮರಾಜ ತನಗೆ ತಾನೇ ಮಾಡಿಕೊಂಡ ಕಾನೂನು. ಸ್ವಂತ ಕಾರು, ಸ್ವಂತ ಬಾಯಿ, ಇವೆರಡೇ ಅವನ ಬಂಡವಾಳ. "ಬೆಳಿಗ್ಗೆ ಕೋಟೆ, ಸಂಜೆ ಕಡಲು, ಒಂದೇ ದಿನದಲ್ಲಿ" ಎಂದು ಕಾರಿನ ಹಿಂದಿನ ಗಾಜಿನ ಮೇಲೆ ಬರೆಸಿಕೊಂಡಿದ್ದ. ಬಯಲುಸೀಮೆಯಲ್ಲಿ ಎಲ್ಲಿಯ ಕಡಲಪ್ಪಾ ಎಂದು ನೀವು ಕೇಳುತ್ತೀರಿ, ಕೇಳಲೇಬೇಕು. ಹಗರಿಬೊಮ್ಮನಹಳ್ಳಿಯ ಕಡೆ ತುಂಗಭದ್ರೆಯ ಹಿನ್ನೀರು ನಿಂತಿದೆಯಲ್ಲ, ಅದೇ ಇವನ ಕಡಲು. ಆಚೆ ದಡ ಕಣ್ಣಿಗೆ ಹತ್ತುವುದಿಲ್ಲ, ಗಾಳಿ ಬೀಸಿದರೆ ಅಲೆ ಏಳುತ್ತದೆ, ಉಪ್ಪು ಒಂದಿಲ್ಲ. ಉಪ್ಪಿಲ್ಲವೆಂದು ಯಾವ ಗಿರಾಕಿಯೂ ಇವತ್ತಿನವರೆಗೆ ಜಗಳ ತೆಗೆದಿಲ್ಲ.

ಆ ಭಾನುವಾರ ಹರಪನಹಳ್ಳಿಯಿಂದ ಗಂಡ ಹೆಂಡತಿ ಹತ್ತಿದರು. ಪ್ರವೀಣಕುಮಾರ್ ಮೆಕ್ಕೆಜೋಳದ ವ್ಯಾಪಾರಿ, ಪುಷ್ಪಲತಾ ಕಾಲೇಜಿನಲ್ಲಿ ಪಾಠ ಹೇಳುವವರು. ಕೊಟ್ಟೂರಿನಲ್ಲಿ ಮಿರ್ಚಿ ಮಂಡಕ್ಕಿ ತಿಂದು ಕಾರು ಮತ್ತೆ ಹೊರಟಾಗ ಪುಷ್ಪಲತಾ ಹೇಳಿದರು, "ನಮಗೆ ಆ ದ್ರೋಹಿ ಬಾಗಿಲು ತೋರಿಸ್ಲೇಬೇಕು ನೋಡ್ರಿ. ಫೋನಲ್ಲಿ ನೋಡಿ ನಮ್ಮ ಹುಡುಗೀರೆಲ್ಲಾ ಅದೇ ಮಾತಾಡ್ತಾವೆ."

ಭೀಮರಾಜನ ಎದೆ ಹಿಗ್ಗಿತು. ಹಿಗ್ಗದೆ ಏನು? ಅದು ಅವನೇ ಹೆತ್ತ ಕಥೆ.

ಎರಡು ವರ್ಷದ ಹಿಂದೆ ಬೋಳಗಲ್ಲು ಕೋಟೆಯ ಬಾಗಿಲಲ್ಲಿ ಒಬ್ಬ ಗಿರಾಕಿ ಆಕಳಿಸುತ್ತಾ ಕೇಳಿದ್ದ: "ದೀಪ ಇಡೋ ಗೂಡು ಬಾಗಿಲಿನ ಹೊರಗ್ಯಾಕೆ ಐತಿ, ಒಳಗಿರಬೇಕಲ್ಲ?" ಭೀಮರಾಜನಿಗೆ ಗೊತ್ತಿರಲಿಲ್ಲ. ಕೆಳಗಿನ ಬೇವಿನ ಮರದಡಿ ಉಚ್ಚಂಗೆಮ್ಮ ಅಜ್ಜಿ ಕೂತಿದ್ದಳು, ನೂರು ಮೆಟ್ಟಿಲು ಇಳಿದು ಕೇಳಿದ್ದರೆ ಹೇಳುತ್ತಿದ್ದಳು. ಬಿಸಿಲಿಗೆ ಯಾರು ಇಳಿಯುತ್ತಾರೆ? ಊರವರು ಅದನ್ನು ಚೌಡಣ್ಣನ ಗೂಡು ಎನ್ನುವುದು ಮಾತ್ರ ಕಿವಿಯಲ್ಲಿತ್ತು. ಅಷ್ಟು ಸಾಕಾಯಿತು. ಚೌಡಣ್ಣ ಎಂಬ ಕಾವಲುಗಾರ ಚೀಲ ಹೊನ್ನು ಈಸಿಕೊಂಡು ವೈರಿಗೆ ಬಾಗಿಲು ತೆಗೆದ, ಅದಕ್ಕೇ ಅವನ ಮನೆತನದ ದೀಪವನ್ನು ಇವತ್ತಿಗೂ ಒಳಗೆ ಬಿಡುವುದಿಲ್ಲ ಎಂದು ಉಸಿರು ತೆಗೆಯದೆ ಹೇಳಿಬಿಟ್ಟ. ಗಿರಾಕಿಯ ಆಕಳಿಕೆ ನಿಂತಿತು. ಫೋನನ್ನು ಬಾಗಿಲ ಕಡೆ ಹಿಡಿದು, "ಇನ್ನೊಂದ್ಸಲ ಹೇಳ್ರಿ" ಎಂದ. ಮುಖವಿಲ್ಲದ ಆ ಧ್ವನಿ ಆಮೇಲೆ ಊರೂರು ತಿರುಗಿತು.

ಬೇವಿನ ಮರದಡಿ ಕಾರು ನಿಂತಿತು, ಗಂಡ ಹೆಂಡತಿ ಮೆಟ್ಟಿಲ ಕಡೆ ಫೋಟೋ ತೆಗೆಯಲು ಹೋದರು. ಅಜ್ಜಿ ಎಂದಿನಂತೆ ಗಡಿಗೆ ಇಟ್ಟುಕೊಂಡು ಕೂತಿದ್ದಳು. ಭೀಮರಾಜನ ಮೊದಲ ಗಿರಾಕಿಯಿಂದ ಹಿಡಿದು ಇವತ್ತಿನವರೆಗೆ ಬಂದವರಿಗೆಲ್ಲ ಮಜ್ಜಿಗೆ ಕೊಟ್ಟವಳು ಅವಳು. ದುಡ್ಡು ಚಾಚಿದರೆ ಬೈಯುತ್ತಿದ್ದಳು.

"ಬಾ ತಮ್ಮ, ಬಿಸ್ಲಾಗ ಬಂದಿ" ಎಂದು ಮೊದಲ ಲೋಟ ಅವನಿಗೇ ಕೊಟ್ಟಳು. "ಇವತ್ತು ಅಮಾಸಿ. ಹೋದ ಅಮಾಸಿಗೆ ನಾನು ಹಚ್ಚಿದ್ದ ಕಡೀದು ನೋಡು. ಇನ್ನ ಬ್ಯಾರೆ ಮನಿಯವ್ರು ಹಚ್ತಾರಂತ."

"ಯಾಕಜ್ಜಿ?"

"ನಮ್ಮ ಚೌಡಣ್ಣ ಹೊನ್ನು ತಿಂದು ಬಾಗ್ಲ ತೆಗೆದ್ನಂತ. ಫೋನಿನ್ಯಾಗ ಬಂದೈತಂತ. ಯಾವನೋ ಬಾಯಿಗೆ ಬಂದಂಗ ಬೊಗಳ್ಯಾನ, ಊರ ಹಿರೇತನ ಮಾಡೋ ಪಾಲಣ್ಣನ್ನ ಹಿಡಕಂಡು ಎಲ್ಲಾರೂ ನಂಬ್ಯಾರ. ದ್ರೋಹಿ ಮನಿ ದೀಪ ಊರಿಗೆ ಮೊದಲ ದೀಪ ಆಗಬಾರ್ದಂತ."

ಬೋಳಗಲ್ಲಿನಲ್ಲಿ ಅಮಾವಾಸ್ಯೆಯ ಸಂಜೆ ಆ ಗೂಡಿನ ದೀಪ ಹತ್ತುವ ತನಕ ಯಾವ ಮನೆಯಲ್ಲೂ ದೀಪ ಹಚ್ಚುವುದಿಲ್ಲ. ಆ ಮೊದಲ ದೀಪ ಚೌಡಣ್ಣನ ಮನೆತನದ್ದು, ಎಂದರೆ ಅಜ್ಜಿಯದು. ಅವಳಿಗೆ ಹೇಳಿಕೊಳ್ಳಲು ಹೊಲ ಮನೆ ಅಂತ ದೊಡ್ಡದೇನೂ ಇರಲಿಲ್ಲ, ಈ ದೀಪ ಇತ್ತು.

"ಖರೇ ಏನು ನಡೆದಿತ್ತಜ್ಜಿ?" ಭೀಮರಾಜ ಎರಡು ವರ್ಷದ ಹಿಂದೆ ಕೇಳಬೇಕಾದದ್ದನ್ನು ಈಗ ಕೇಳಿದ.

"ವೈರಿ ಬಂದಾಗ ಊರಾಗಿನ ಹೆಂಗಸ್ರು ಮಕ್ಳನ್ನ ಒಳಗ ಕಳಿಸಿ, ತಾನು ಹೊರಗ ನಿಂತು, ಅಗಳಿ ಹಾಕ್ರಿ ನನ್ನ ಕಾಯಬ್ಯಾಡ್ರಿ ಅಂದ. ಹೊರಗ ಸತ್ತ. ಹೊರಗ ಸತ್ತೋನಿಗೆ ಹೊರಗ ದೀಪ." ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀನು ಓದಿದಾವ, ದೊಡ್ಡೋರನ್ನ ಕರಕಂಡು ಬರ್ತಿ. ನೀನಾರ ಹೇಳು ತಮ್ಮ, ನಮ್ಮೋನು ಅಂಥೋನಲ್ಲ ಅಂತ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಕಳ್ಳ ಎನ್ನುವವರೇ ಇಲ್ಲ, ತಮ್ಮ ಎನ್ನುತ್ತಿದ್ದಾಳೆ ಮುದುಕಿ. ಭೀಮರಾಜ ಲೋಟವನ್ನು ಪೂರ್ತಿ ಕುಡಿಯಲಾರದೆ ಕೆಳಗಿಟ್ಟ.

ಆಮೇಲೆ ಅವನು ಮಾಡಿದ್ದನ್ನು ಹೇಳಲು ನನಗೇ ನಾಚಿಕೆಯಾಗುತ್ತದೆ. ಮೇಲೆ ಬಾಗಿಲ ಹತ್ತಿರ ನಿಂತು ಪುಷ್ಪಲತಾ, "ಹೂಂ, ಶುರು ಮಾಡ್ರಿ" ಎಂದಾಗ ಅವನು ಶುರು ಮಾಡಿದ. ಅದೇ ಹೊನ್ನು, ಅದೇ ಚೀಲ, ಅದೇ ತೆರೆದ ಬಾಗಿಲು. ಸ್ವಲ್ಪ ಮೆಲ್ಲಗೆ ಹೇಳಿದ, ಅಷ್ಟೇ. ದುಡ್ಡು ಕೊಟ್ಟು ಬಂದವರ ಮುಂದೆ ನಾನು ಸುಳ್ಳುಗಾರ ಎನ್ನುವುದು ಹೇಗೆ ಎಂದು ಬೆವರಿದ. ಹೇಡಿತನಕ್ಕೂ ಒಂದು ಮಿತಿ ಬೇಡವೇ?

ಮಧ್ಯಾಹ್ನದ ಹೊತ್ತಿಗೆ ಹಿನ್ನೀರು ತಲುಪಿದರು. ಗಾಳಿ ಚೆನ್ನಾಗಿತ್ತು, ಬಿಳಿ ಹಕ್ಕಿಗಳು ದಂಡೆಯುದ್ದಕ್ಕೂ ಕೂತಿದ್ದವು. ಪ್ರವೀಣಕುಮಾರ್ ಪ್ಯಾಂಟು ಮಡಚಿ ನೀರಿಗಿಳಿದು ಮಗುವಿನ ಹಾಗೆ ಕಾಲಾಡಿಸುತ್ತಿದ್ದರು. ಭೀಮರಾಜ ಹಕ್ಕಿಯ ಹೆಸರು ಹೇಳಲಿಲ್ಲ, ಸಂಜೆ ಸೂರ್ಯ ಎಲ್ಲಿ ಮುಳುಗುತ್ತಾನೆ ಎಂದೂ ತೋರಿಸಲಿಲ್ಲ, ಕಾರಿಗೆ ಒರಗಿ ನಿಂತಿದ್ದ.

ಪುಷ್ಪಲತಾ ಹತ್ತಿರ ಬಂದರು. "ಕೋಟೆ ಇಳಿದು ಬಂದಾಗ ಆ ಮಜ್ಜಿಗೆ ಅಜ್ಜಿ ನನ್ನ ಕೈ ಹಿಡ್ಕೊಂಡು ಏನಂದ್ಳು ಗೊತ್ತೇನ್ರಿ? ನಿಮ್ಮ ಹುಡುಗೀರಿಗೆ ಹೇಳವ್ವಾ, ನಮ್ಮೋನು ದ್ರೋಹಿ ಅಲ್ಲ ಅಂತ. ನೀವು ನೋಡಿದ್ರೆ ಹಂಗೆ ಹೇಳಿದ್ರಿ. ಯಾವುದು ಖರೇ?"

ಗೈಡ್ ಆದ ಮೇಲೆ ಮೊದಲ ಸಲ ಭೀಮರಾಜ ತನ್ನ ಕಾನೂನು ಮುರಿದ. "ನನಗ ಗೊತ್ತಿರ್ಲಿಲ್ರಿ ಮೇಡಂ. ಗೊತ್ತಿಲ್ದ ಹುಟ್ಟಿಸಿ ಹೇಳ್ದೆ. ಫೋನಿನ್ಯಾಗಿನ ಧ್ವನಿ ನಂದ. ಇವತ್ತು ಗೊತ್ತಾದ ಮ್ಯಾಲೂ ನಿಮಗ ಸುಳ್ಳ ಹೇಳೀನಿ." ಅಲ್ಲಿಂದ ದೀಪದ ವಿಷಯವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಕಣ್ಣು ಒರೆಸಿಕೊಂಡ.

ಪುಷ್ಪಲತಾ ಗಂಡನನ್ನು ಕೂಗಿದರು. "ಸೂರ್ಯ ಮುಳುಗೋದು ನೋಡ್ಲೇ ಇಲ್ಲಲ್ಲೇ" ಎಂದು ಪ್ರವೀಣಕುಮಾರ್ ಗೊಣಗಿದರು. "ನಾಳೆನೂ ಮುಳುಗ್ತಾನೆ, ಹತ್ರಿ" ಎಂದರು ಪುಷ್ಪಲತಾ. ಕಾರು ಬೋಳಗಲ್ಲಿನ ದಾರಿ ಹಿಡಿಯಿತು.

ಹೊತ್ತು ಮುಳುಗುವಾಗ ಊರವರು ಕೋಟೆ ಬಾಗಿಲಲ್ಲಿ ಸೇರಿದ್ದರು. ಪಾಲಣ್ಣನ ಕೈಯಲ್ಲಿ ಎಣ್ಣೆಯ ಗಿಂಡಿ ಇತ್ತು. ಉಚ್ಚಂಗೆಮ್ಮ ಗಡಿಗೆ ಹೊತ್ತು ಮೇಲೆ ಬಂದಿದ್ದಳು. ದೀಪ ಕಿತ್ತುಕೊಂಡವರಿಗೂ ಮಜ್ಜಿಗೆ ಕೊಡದೆ ಅವಳಿಂದ ಇರಲಾಗದು. ಏದುಸಿರು ಬಿಡುತ್ತಾ ಬಂದ ಭೀಮರಾಜ ಎಲ್ಲರ ನಡುವೆ ನಿಂತು ಹೇಳಿದ, "ಚೌಡಣ್ಣನ ಕಥಿ ಸುಳ್ಳ ಐತ್ರಿ. ಯಾರೂ ನನಗ ಹೇಳಿಲ್ಲ, ನಾನ ಕಟ್ಟೀನಿ. ಫೋನಿನ್ಯಾಗ ಮಾತಾಡೋನು ನಾನ. ಅಜ್ಜಿ ಹೇಳೋದ ಖರೇ."

ಒಬ್ಬ ಫೋನು ತೆಗೆದು ಹಚ್ಚಿದ. ಅದೇ ಧ್ವನಿ ಕಲ್ಲಿನ ಬಾಗಿಲಿಗೆ ಬಡಿದು ತಿರುಗಿ ಬಂತು. ಜನ ಭೀಮರಾಜನ ಮುಖ ನೋಡಿದರು. ಪಾಲಣ್ಣ ಸೋಲುವ ಆಸಾಮಿಯಲ್ಲ. "ಅಜ್ಜಿ ಅತ್ಲು ಅಂತ ಈಗ ತಿರುಗಿಸಿ ಹೇಳ್ತಿರಬೌದು. ಇದಕ್ಕ ಸಾಕ್ಷಿ ಏನೈತಿ?"

ಭೀಮರಾಜನ ಬಳಿ ಸಾಕ್ಷಿ ಇರಲಿಲ್ಲ. ಅಜ್ಜಿ ಗಡಿಗೆ ಇಳಿಸಿದಳು.

"ಅಲ್ಲೋ ಪಾಲಣ್ಣ, ಇವ ಸುಳ್ಳ ಹೇಳಿದಾಗ ಒಬ್ರೂ ಸಾಕ್ಷಿ ಕೇಳ್ಲಿಲ್ಲಲ್ಲೋ. ಖರೇ ಹೇಳಿದ್ರ ಯಾಕ ಕೇಳ್ತಿ?"

ಪಾಲಣ್ಣ ಗಿಂಡಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಕತ್ತಲಾಗುತ್ತಿತ್ತು, ಕೆಳಗೆ ಊರಿನಲ್ಲಿ ಒಂದು ದೀಪವೂ ಹತ್ತಿರಲಿಲ್ಲ, ಹೆಂಗಸರು ಅಂಗಳದಲ್ಲಿ ಕಾಯುತ್ತಿದ್ದರು. "ಈ ಅಮಾಸಿಗೆ ನೀನ ಹಚ್ಚಬೇ" ಎಂದು ಗಿಂಡಿ ಅವಳ ಮುಂದೆ ಹಿಡಿದ. "ಮುಂದಿಂದು ಮುಂದ ನೋಡಾಮು."

ಅಜ್ಜಿ ಗೂಡು ಒರೆಸಿ ದೀಪ ಹಚ್ಚಿದಳು. ಒಂದೊಂದಾಗಿ ಕೆಳಗಿನ ಮನೆಗಳಲ್ಲೂ ಬೆಳಕು ಕಂಡಿತು. ಭೀಮರಾಜನ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದಂತಾಯಿತು.

ಆಮೇಲೆ ಅಜ್ಜಿ ಮಜ್ಜಿಗೆ ಹಂಚಿದಳು. ಪಾಲಣ್ಣನಿಗೆ ಕೊಟ್ಟಳು, ಫೋನು ಹಚ್ಚಿದವನಿಗೆ ಕೊಟ್ಟಳು, ಪುಷ್ಪಲತಾರ ತಲೆ ಸವರಿ ಕೊಟ್ಟಳು, ಪ್ರವೀಣಕುಮಾರ್ ಎರಡು ಲೋಟ ಕುಡಿದರು. ಭೀಮರಾಜ ರೂಢಿಯಂತೆ ಕೈ ಚಾಚಿದ.

ಅಜ್ಜಿ ಗಡಿಗೆಯ ಬಾಯಿಗೆ ಬಟ್ಟೆ ಮುಚ್ಚಿದಳು. "ಮಜ್ಜಿಗಿ ಮುಗದೈತ್ರಿ" ಎಂದಳು, ಯಾರೋ ಪರ ಊರಿನವರಿಗೆ ಹೇಳುವಂತೆ.

ಗಡಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚಿತ್ತು. ಭೀಮರಾಜ ಅದನ್ನು ನೋಡಿದ್ದ. ಅವನು ನೋಡಿದ್ದನ್ನು ಅಜ್ಜಿಯೂ ನೋಡಿದ್ದಳು.

"ಹೌದಜ್ಜಿ, ಮುಗದೈತಿ" ಎಂದು ಅವನು ಮೆಟ್ಟಿಲಿಳಿದ.